ಬೂದು ಕೋಣೆಯಲ್ಲಿ ಒಂದು ಕಿವಿ

ಜನವರಿ 11, 1904, ಸೋಮವಾರ

ಇವತ್ತು ಹೊಸ ಚಿತ್ರ ಶುರುವಾಯಿತು. ನಮ್ಮ ಹಿಂದಿನ ಕೋಣೆಯದೇ: ಬೂದು ಗೋಡೆ, ಬೂದು ಬಾಗಿಲು, ಮೂಲೆಯಲ್ಲಿ ಕಬ್ಬಿಣದ ಒಲೆ, ಎಡಗಡೆಯ ಕಿಟಕಿಯಿಂದ ಒಂದಿಷ್ಟು ಮಂದ ಬೆಳಕು. ಕೋಪನ್‌ಹೇಗನ್ನಿನ ಜನವರಿಯಲ್ಲಿ ಬೆಳಕು ಹತ್ತು ಗಂಟೆಗೆ ಬಂದು ಎರಡಕ್ಕೆಲ್ಲ ಎದ್ದು ಹೋಗುತ್ತದೆ, ಕಚೇರಿಯ ದೊಡ್ಡ ಸಾಹೇಬರ ಹಾಗೆ. ಅಷ್ಟರೊಳಗೆ ನನ್ನ ಕೆಲಸ ಆಗಬೇಕು.

ಮೂರು ವರ್ಷದಿಂದ ನನ್ನ ಚಿತ್ರಗಳು ವಸಂತ ಪ್ರದರ್ಶನದ ಬಾಗಿಲಿಂದಲೇ ವಾಪಸು ಬಂದಿವೆ. ಹೋದ ಸಲ ಆಯ್ಕೆ ಸಮಿತಿಯವರೊಬ್ಬರು, ಬಾಡಿಗೆಗೆ ಖಾಲಿ ಇರುವ ಮನೆಯ ಹಾಗಿದೆ, ಯಾರನ್ನಾದರೂ ಒಳಗೆ ಬಿಡಬಾರದೆ ಎಂದರಂತೆ. ಸರಿ, ಈ ಸಲ ಬಿಟ್ಟಿದ್ದೇನೆ. ತಂಗಿ ಅಗ್ನೇಟೆಯನ್ನು ಒಲೆಯ ಪಕ್ಕ ನಿಲ್ಲಿಸಿದ್ದೇನೆ, ಬೆನ್ನು ನನ್ನ ಕಡೆಗೆ. ಮುಖ ಬೇಡ. ಚಿತ್ರದಲ್ಲಿ ಒಂದು ಮುಖ ಬಂತೆಂದರೆ ಆಮೇಲೆ ಗೋಡೆಯನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ನನಗೆ ಮುಖ ಬರೆಯಲು ಬರುವುದಿಲ್ಲ ಎಂದು ಹೇಳುವವರು ಹೇಳಿಕೊಳ್ಳಲಿ.

ಕೈಯಲ್ಲಿ ಏನು ಹಿಡಿದುಕೊಳ್ಳಲಿ ಎಂದು ಅವಳು ಕೇಳಿದಳು. ಏನು ಬೇಕಾದರೂ ಹಿಡಿದುಕೋ, ನನಗೆ ಕಾಣುವುದಿಲ್ಲ ಎಂದೆ. ಮಾರ್ಚ್ ಹನ್ನೆರಡರೊಳಗೆ ಚಿತ್ರ ಒಪ್ಪಿಸಬೇಕು. ಎರಡು ತಿಂಗಳು ಧಾರಾಳವಾಗಿ ಸಾಕು.

ಜನವರಿ 14, ಗುರುವಾರ

ಮೂವತ್ತೆಂಟು ವರ್ಷದ ಹೆಂಗಸಿಗೆ ಹತ್ತು ನಿಮಿಷ ನೆಟ್ಟಗೆ ನಿಲ್ಲಲು ಬರುವುದಿಲ್ಲವೆಂದರೆ ಏನು ಹೇಳೋಣ. ಅಮ್ಮ ಹೋದಮೇಲೆ ಹನ್ನೊಂದು ವರ್ಷದಿಂದ ಈ ಮನೆ ನಡೆಸುತ್ತಿರುವವಳು ಅಗ್ನೇಟೆಯೇ. ಓಡಾಡಿ ಓಡಾಡಿ ಅಭ್ಯಾಸವಾಗಿಬಿಟ್ಟಿದೆ. ನಿಲ್ಲು ಎಂದರೆ ಒಂದು ಕಾಲು ಅಡುಗೆಮನೆ ಕಡೆಗೇ ಇರುತ್ತದೆ.

ಬೆಳಕು ಹದಕ್ಕೆ ಬಂದ ಹೊತ್ತಿಗೆ ಸರಿಯಾಗಿ ಹೊಗೆಗೂಡು ಗುಡಿಸುವ ಮೇಸ್ತ್ರಿ ಬಂದ. ಎಸ್ಬೆನ್ ಟೊಫ್ಟ್ ಅಂತ ಹೆಸರು. ದೊಡ್ಡ ಆಳು, ಟೋಪಿಯಿಂದ ಬೂಟಿನವರೆಗೆ ಒಂದೇ ಮಸಿ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತಂತೆ. ನಾನು ಕೇಳಿರಲಿಲ್ಲ, ಅಗ್ನೇಟೆ ತಾನಾಗಿಯೇ ಹೇಳಿದಳು. ಅವನು ಒಲೆಯ ಹಿಂದಿನ ತಗಡಿನ ಬಾಗಿಲು ತೆಗೆದನೋ ಇಲ್ಲವೋ, ಒಂದು ಮೊರದಷ್ಟು ಮಸಿ ಎದ್ದು ಬಂದು ನನ್ನ ಹಸಿ ಗೋಡೆಯ ಮೇಲೆ ಕೂತಿತು. ನಾನು ಕೂಗಾಡಲಿಲ್ಲ. ಸ್ವಲ್ಪ ಗಟ್ಟಿಯಾಗಿ ಮಾತಾಡಿದೆ, ಅಷ್ಟೆ.

ಅವನು ಟೋಪಿ ತೆಗೆದು, ತಪ್ಪಾಯಿತು ಎಂದ. ಆಮೇಲೆ ಹೋಗಬೇಕಾದವನು ಹೋಗದೆ ಚಿತ್ರದ ಮುಂದೆ ನಿಂತುಕೊಂಡ.

"ಈ ಒಲೆ ಉರೀತಿಲ್ಲ ರಾಯ್ರೇ" ಎಂದ.

"ಅದು ಚಿತ್ರ" ಎಂದೆ.

"ಚಿತ್ರ ಅಂತ ನಂಗೂ ಗೊತ್ತು. ಆದ್ರೆ ಒಲೆ ಉರೀತಿಲ್ಲ. ಗಾಳಿಬಾಗ್ಲು ಮುಚ್ಚಿಬಿಟ್ಟಿದೀರ. ಪಾಪ, ಅವ್ರು ಚಳೀಲಿ ನಿಂತಿದಾರೆ."

ಅಗ್ನೇಟೆ ಬೆನ್ನು ತಿರುಗಿಸಿಕೊಂಡೇ ನಕ್ಕಳು. ಭುಜ ಅಲ್ಲಾಡಿತು. ಇನ್ನು ಆ ಭುಜವನ್ನು ಮತ್ತೆ ಅದೇ ಜಾಗಕ್ಕೆ ತರಲು ನನಗೆ ಎರಡು ದಿನ ಬೇಕು.

ಅವನು ಹೋದಮೇಲೆ ಮಸಿಯನ್ನು ಬಟ್ಟೆಯಿಂದ ಒತ್ತಿ ತೆಗೆಯಲು ಹೋದೆ. ಬಿಳಿ ಬಣ್ಣದ ಜೊತೆ ಬೆರೆತು ಒಂದು ಬೂದು ಬಂದಿದೆ. ಆರು ವರ್ಷದಿಂದ ನಾನು ಹುಡುಕುತ್ತಿದ್ದ ಬೂದು ಅದೇ. ಈ ವಿಷಯ ಯಾರಿಗೂ ಹೇಳುವುದಿಲ್ಲ.

ಜನವರಿ 20, ಬುಧವಾರ

ಕಿವಿಯದೇ ತೊಂದರೆ.

ನನ್ನ ಬಣ್ಣದ ಹಲಗೆಯಲ್ಲಿ ನಾಲ್ಕೇ ಬಣ್ಣ: ಸೀಸದ ಬಿಳಿ, ಮೂಳೆಯ ಕಪ್ಪು, ಒಂದು ಕಂದು, ತೀರ ಬೇಕಾದಾಗ ಸಾಸಿವೆಕಾಳಿನಷ್ಟು ಮಣ್ಣಿನ ಹಳದಿ. ಕೆಂಪು ನಮ್ಮ ಮನೆಯಲ್ಲೇ ಇಲ್ಲ. ಆ ಸೀಸೆಯನ್ನು ಎಂದೋ ಒಬ್ಬ ಹೂವಿನ ಚಿತ್ರಗಾರನಿಗೆ ಕೊಟ್ಟುಬಿಟ್ಟೆ. ಹೀಗಿರುವಾಗ ಅಗ್ನೇಟೆಯ ಬಲಗಿವಿ ಗುಲಾಬಿ ಬಣ್ಣಕ್ಕೆ ತಿರುಗಿದೆ. ಇಡೀ ಕೋಣೆ ಸದ್ದಿಲ್ಲದೆ ಕೂತಿರುವಾಗ ಕಿವಿಯೊಂದು ಎದ್ದು ನಿಂತು ಭಾಷಣ ಮಾಡಿದರೆ ಹೇಗಿರುತ್ತದೆ.

ಒಲೆಯ ಕಾವು ಎಂದುಕೊಂಡು ಅವಳನ್ನು ಎರಡು ಹೆಜ್ಜೆ ಆಚೆ ನಿಲ್ಲಿಸಿದೆ. ಏನೂ ಬದಲಾಗಲಿಲ್ಲ. ಒಲೆಯನ್ನೇ ಆರಿಸಿದೆ. ನನಗೆ ನೆಗಡಿಯಾಯಿತು, ಕಿವಿ ಹಾಗೆಯೇ ಇದೆ.

ಜನವರಿ 23, ಶನಿವಾರ

ಮತ್ತೆ ಟೊಫ್ಟ್. ಹೊಗೆಗೂಡಿನೊಳಗೆ ಹಕ್ಕಿ ಗೂಡು ಕಟ್ಟಿದೆಯಂತೆ. ಜನವರಿಯಲ್ಲಿ. ಹಕ್ಕಿಗಳ ವಿಚಾರ ನನಗೆ ಅಷ್ಟು ಗೊತ್ತಿಲ್ಲ, ಇರಬಹುದು. ಮುಕ್ಕಾಲು ಗಂಟೆ ಅಡುಗೆಮನೆಯ ಹೊಗೆಗೂಡು ನೋಡಿದ. ಅಡುಗೆಮನೆಯಿಂದ ಕಾಫಿಯ ವಾಸನೆ ಬರುತ್ತಿತ್ತು.

ಆಮೇಲೆ ಅಗ್ನೇಟೆ ಬಂದು ನಿಂತಳು. ಕಿವಿ ಗುಲಾಬಿಯೂ ಅಲ್ಲ, ಕೆಂಪು. ಕುಂಚ ಕೆಳಗಿಟ್ಟೆ.

ಜನವರಿ 29

ಮಂಜು. ಬೆಳಕಿಲ್ಲ. ನೆಗಡಿ.

ಫೆಬ್ರವರಿ 3, ಬುಧವಾರ

ಇವತ್ತಿನಂಥ ದಿನ ಚಿತ್ರಗಾರನಿಗೆ ವರ್ಷಕ್ಕೊಂದು ಬಂದರೆ ಪುಣ್ಯ. ಅಗ್ನೇಟೆ ಕೋಣೆಗೆ ಬಂದು ನಿಂತ ಕೂಡಲೇ ಕಂಡಿತು: ಕಿವಿಯ ಹಿಂದೆ, ಕೂದಲು ಮುಗಿದು ಕುತ್ತಿಗೆ ಶುರುವಾಗುವಲ್ಲಿ, ಒಂದು ನೆರಳು. ಮೊಟ್ಟೆಯಾಕಾರದ್ದು, ಅಂಚಿನಲ್ಲಿ ಕರಗಿಹೋಗುವಂಥದ್ದು, ಒಳಗೆ ಗಾಢ ಕಪ್ಪು. ಇಷ್ಟು ದಿನ ಅಲ್ಲಿ ಹಾಗೊಂದು ನೆರಳಿರಲಿಲ್ಲ. ಈ ಬೆಳಕಿನ ಗುಣವೇ ಅದು, ತಾಳ್ಮೆಯಿಂದ ಕಾದವನಿಗೆ ಮಾತ್ರ ತೋರಿಸುತ್ತದೆ.

ಉಸಿರು ಬಿಡದೆ ಅದನ್ನು ಬರೆದೆ. ಕಿವಿಯ ಗುಲಾಬಿಗೆ ಅದೊಂದು ಕಡಿವಾಣ ಹಾಕಿದ ಹಾಗಾಗಿದೆ. ಅಗ್ನೇಟೆಗೂ ಹೇಳಿದೆ, ನಿನ್ನ ಕಿವಿಯ ಹಿಂದೆ ಎಂಥ ಅದ್ಭುತ ನೆರಳಿದೆ ಗೊತ್ತಾ ಎಂದು. ಅವಳು ಕೈ ಎತ್ತಿ ಅಲ್ಲಿ ಮುಟ್ಟಿಕೊಳ್ಳಲು ಹೋದಳು. ಅಲ್ಲಾಡಬೇಡ ಎಂದೆ.

ಇವತ್ತು ಬೆಳಗ್ಗೆ ಟೊಫ್ಟ್ ಬಂದಿದ್ದ. ಅಷ್ಟಾದರೂ ನನ್ನ ಸಮಾಧಾನ ಕೆಡಲಿಲ್ಲ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ.

ಫೆಬ್ರವರಿ 4, ಗುರುವಾರ

ನೆರಳು ಹೋಗಿದೆ. ಅದೇ ಕಿಟಕಿ, ಅದೇ ಹೊತ್ತು, ಅದೇ ಮೋಡ. ನಿನ್ನೆ ನಿಂತ ಹಾಗೆ ನೀನು ಇವತ್ತು ನಿಂತಿಲ್ಲ ಎಂದು ಅಗ್ನೇಟೆಗೆ ಬೈದೆ. ಹಾಗೇ ನಿಂತಿದ್ದೇನೆ ಅಣ್ಣ, ಕುತ್ತಿಗೆ ತೊಳೆದುಕೊಂಡೆ ಅಷ್ಟೆ ಎಂದಳು. ಕುತ್ತಿಗೆ ತೊಳೆಯುವುದಕ್ಕೂ ನೆರಳಿಗೂ ಏನು ಸಂಬಂಧ? ಈ ಮನೆಯಲ್ಲಿ ಬೆಳಕಿನ ಬಗ್ಗೆ ಮಾತಾಡಲು ಇನ್ನೊಂದು ಜೀವ ಇಲ್ಲ.

ಅದೃಷ್ಟಕ್ಕೆ ನಿನ್ನೆಯೇ ಬರೆದಿಟ್ಟಿದ್ದೇನೆ.

ಫೆಬ್ರವರಿ 10, ಬುಧವಾರ

ಅಗ್ನೇಟೆ ನಿಂತ ಕಡೆಯಿಂದ ಕಾಗದದ ಸದ್ದು. ಏನದು ಎಂದೆ. ಸಾಮಾನಿನ ಪಟ್ಟಿ ಎಂದಳು. ನಾಲ್ಕು ಹಾಳೆ ಮಗುಚಿದ್ದು ಕೇಳಿಸಿತು. ಎರಡನೆಯ ಹಾಳೆಯಲ್ಲಿ ನಕ್ಕಳು, ನಾಲ್ಕನೆಯದರಲ್ಲಿ ಸುಮ್ಮನಾದಳು, ಆಮೇಲೆ ಮೊದಲನೆಯದಕ್ಕೆ ವಾಪಸು ಹೋದಳು. ನಾವಿಬ್ಬರೇ ಇರುವ ಮನೆಗೆ ನಾಲ್ಕು ಹಾಳೆ ಸಾಮಾನು ಯಾಕೆ? ಒಣ ಬಟಾಣಿ, ಹೆರಿಂಗ್ ಮೀನು, ದೀಪದೆಣ್ಣೆ, ಇದರಲ್ಲಿ ನಗುವಂಥದ್ದೇನಿದೆ?

ಮಧ್ಯಾಹ್ನದ ಬಟಾಣಿ ಸಾರು ತಳ ಹಿಡಿದಿತ್ತು. ಹನ್ನೊಂದು ವರ್ಷದಲ್ಲಿ ಇದೇ ಮೊದಲು.

ಫೆಬ್ರವರಿ 14, ಭಾನುವಾರ

ಇವತ್ತು ಫಾಸ್ಟೆಲಾವ್ನ್, ಉಪವಾಸದ ದಿನಗಳು ಬರುವ ಮುಂಚಿನ ಹಬ್ಬ. ಅಗ್ನೇಟೆ ಕೆನೆ ತುಂಬಿದ ಬನ್ನು ಮಾಡಿದ್ದಳು. ಪ್ರತಿವರ್ಷ ಆರು ಮಾಡುತ್ತಾಳೆ, ಈ ಸಲ ಒಂಬತ್ತು. ಲೆಕ್ಕ ತಪ್ಪಿತೇ ಎನ್ನುವಷ್ಟರಲ್ಲಿ ಟೊಫ್ಟ್ ಬಂದ. ಭಾನುವಾರ, ಬಿಳಿ ಕಾಲರು ಹಾಕಿಕೊಂಡು, ಒಲೆ ಹೇಗಿದೆ ನೋಡಿಕೊಂಡು ಹೋಗೋಣ ಅಂತ ಬಂದೆ ಎಂದ. ಕೈ ಮಾತ್ರ ಉಗುರಿನ ಸಂದಿಯವರೆಗೂ ಕಪ್ಪು. ಮೂರು ಬನ್ನು ತಿಂದ. ಒಲೆಯ ಕಡೆಗೆ ಒಂದು ಸಲವೂ ನೋಡಲಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು, ಮರ್ಯಾದಸ್ಥ. ನನಗೂ ಅಗ್ನೇಟೆಗೂ ಬಾಯಿತುಂಬ ನೀವು, ತಾವು ಎನ್ನುತ್ತಾನೆ. ನಾನೂ ಅವನಿಗೆ ನೀವು ಎನ್ನುತ್ತೇನೆ. ಈಗಿನವರಿಗೆ ಇದರ ಬೆಲೆ ಗೊತ್ತಿಲ್ಲ, ಪರಿಚಯವಾದ ವಾರಕ್ಕೆ ನೀನು ತಾನು ಶುರು. ಎದುರುಬದುರು ಕೂತು, ತೋಳಿಗೆ ತೋಳು ಸಿಕ್ಕಿಸಿ, ಒಟ್ಟಿಗೆ ಒಂದು ಲೋಟ ಕುಡಿದು, ಕೈ ಕುಲುಕಿ, ಆಮೇಲೆ 'ನೀನು' ಅನ್ನಬೇಕು ಎಂದು ಹಿರಿಯರು ಪದ್ಧತಿ ಮಾಡಿದ್ದು ಸುಮ್ಮನೆ ಅಲ್ಲ. ಒಂದು ಸಲ ನೀನು ಅಂದರೆ ಮುಗಿಯಿತು, ಸಾಯುವವರೆಗೂ ಮತ್ತೆ ನೀವು ಅನ್ನಲಾಗುವುದಿಲ್ಲ. ನಾನಂತೂ ಹೊರಗಿನವರ ಜೊತೆ ಇದುವರೆಗೆ ಒಬ್ಬರೊಂದಿಗೂ ಆ ಲೋಟ ಕುಡಿದಿಲ್ಲ. ಬಣ್ಣದಂಗಡಿಯ ಲುಂಡ್ ಇಪ್ಪತ್ತು ವರ್ಷದ ಪರಿಚಯ, ಇವತ್ತಿಗೂ ನೀವು.

ಫೆಬ್ರವರಿ 19, ಶುಕ್ರವಾರ

ಬಾಗಿಲಿನ ಕೆಳಭಾಗ ಮುಗಿಯಿತು. ಅಡುಗೆಮನೆಯಿಂದ ಅಗ್ನೇಟೆಯ ಮಾತು ಕೇಳಿಸಿತು: "ನೀನು ಊಟ ಮಾಡಿದ್ಯಾ? ಸುಳ್ ಹೇಳ್ಬೇಡ. ಕೂತ್ಕೋ." ಬೆಕ್ಕಿನ ಜೊತೆ ಮಾತಾಡುತ್ತಿರಬೇಕು. ನಮ್ಮ ಮನೆಯಲ್ಲಿ ಬೆಕ್ಕಿಲ್ಲ. ಕೆಳಮನೆಯದು ಬಂದಿರಬಹುದು.

ಆ ಬೆಕ್ಕು ಕೆಮ್ಮಿದ್ದೂ ಕೇಳಿಸಿತು.

ಫೆಬ್ರವರಿ 24, ಬುಧವಾರ

ಕೆಳಮನೆಯ ಶ್ರೀಮತಿ ರಾವ್ನ್ ಮೆಟ್ಟಿಲಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದರು. ಆಕೆಯ ಕಿಟಕಿಯ ಹೊರಗೆ ಒಂದು ಕನ್ನಡಿ ಸಿಕ್ಕಿಸಿದೆ, ಕುರ್ಚಿಯಲ್ಲಿ ಕೂತಲ್ಲೇ ಇಡೀ ಬೀದಿಯ ವಿದ್ಯಮಾನ ಅದರಲ್ಲಿ ಕಾಣುತ್ತದೆ. ನಮ್ಮ ಕಟ್ಟಡಕ್ಕೆ ಹೊಗೆಗೂಡಿನವನು ಚಳಿಗಾಲಕ್ಕೆ ಎರಡು ಸಲ ಬರುವುದು ವಾಡಿಕೆಯಂತೆ. ಜನವರಿಯಿಂದ ಇಲ್ಲಿಯವರೆಗೆ ಹದಿನಾಲ್ಕು ಸಲ ಬಂದಿದ್ದಾನಂತೆ.

"ನಿಮ್ಮ ಹೊಗೆಗೂಡು ತುಂಬಾ ಶುದ್ಧವಾಗಿರ್ಬೇಕು ರಾಯ್ರೇ" ಎಂದರು.

ಮೇಲೆ ಬಂದೆ. ಕೂತೆ. ಹಕ್ಕಿಗೂಡು, ಒಂಬತ್ತು ಬನ್ನು, ನಾಲ್ಕು ಹಾಳೆ ಸಾಮಾನಿನ ಪಟ್ಟಿ, ಕೆಮ್ಮುವ ಬೆಕ್ಕು. ನಾನು ನೋಡುವುದನ್ನೇ ಕಸುಬು ಮಾಡಿಕೊಂಡವನು. ಆರು ವಾರದಿಂದ ದಿನಕ್ಕೆ ನಾಲ್ಕು ಗಂಟೆ ಅವಳನ್ನೇ ನೋಡುತ್ತಿದ್ದೇನೆ. ನೋಡಿದ್ದೆಲ್ಲ ಬೆನ್ನು.

ನಮ್ಮ ತಂದೆ ಪಾದ್ರಿಯಾಗಿದ್ದವರು. ಪಾದ್ರಿಯ ಮಗಳು ಹೊಗೆಗೂಡಿನವನನ್ನು ಮದುವೆಯಾದರೆ ಮನೆತನದ ಮುಖಕ್ಕೆ ಮಸಿ ಬಳಿದಂತೆ ಎಂದು ಜನ ಆಡಿಕೊಳ್ಳುತ್ತಾರೆ, ಈ ಸಲ ನಿಜವಾಗಿಯೂ ಮಸಿಯೇ. ಇವತ್ತೇ ಕೇಳಿಬಿಡುತ್ತೇನೆಂದು ಅಡುಗೆಮನೆಗೆ ಹೋದೆ. ಅವಳು ತಿರುಗಿ, ಏನಣ್ಣ ಎಂದಳು. ಹೆರಿಂಗ್ ಇದೆಯಾ ಎಂದು ಕೇಳಿದೆ. ಇದೆ ಎಂದಳು. ರೈ ರೊಟ್ಟಿಯ ಜೊತೆ ಎರಡು ತಿಂದು ಬಂದೆ. ಹಸಿವಿರಲಿಲ್ಲ.

ಮಾರ್ಚ್ 1, ಮಂಗಳವಾರ

ಟೊಫ್ಟ್ ಬಂದ, ನನ್ನನ್ನೇ ಕಾಣಲು. ಒಳ್ಳೆಯ ಕೋಟು, ಅದೂ ಕಪ್ಪೇ. ಅಗ್ನೇಟೆಯನ್ನು ಮಾರುಕಟ್ಟೆಗೆ ಕಳಿಸಿ ಬಂದಿದ್ದನೆಂದು ಕಾಣುತ್ತದೆ. ಕುರ್ಚಿ ತೋರಿಸಿದರೂ ಕೂರಲಿಲ್ಲ, ಬಟ್ಟೆ ಹೊಲಸಾಗುತ್ತದೆ ಎಂದ. ಅವನ ಬಟ್ಟೆಯಲ್ಲ, ನನ್ನ ಕುರ್ಚಿಯದು.

"ರಾಯ್ರೇ, ಸುತ್ತಿಬಳಸಿ ಹೇಳಕ್ಕೆ ನಂಗೆ ಬರಲ್ಲ. ನಾನೂ ನಿಮ್ಮ ತಂಗೀನೂ ಮದ್ವೆ ಆಗ್ಬೇಕು ಅಂತಿದೀವಿ. ಏಪ್ರಿಲ್‌ನಲ್ಲಿ ಊರೆಲ್ಲ ಮನೆ ಬದಲಾಯಿಸ್ತಾರಲ್ಲ, ಹತ್ತೊಂಬತ್ತಕ್ಕೆ, ಆವತ್ತಿಗೆ ಒಂದು ಮನೆ ನೋಡಿಟ್ಟಿದೀನಿ. ಆದ್ರೆ ಅವ್ರದ್ದೊಂದೇ ಮಾತು. ಅಣ್ಣ ಈ ಚಿತ್ರಕ್ಕೆ ಸಹಿ ಹಾಕೋವರ್ಗೂ ನಾನು ಜಾಗ ಬಿಟ್ಟು ಕದಲಲ್ಲ ಅಂತಾರೆ. ಮೂರು ಸಲ ವಾಪಸ್ ಬಂದಿದೆ, ಇದೂ ಕೆಟ್ರೆ ನನ್ನಿಂದ ಕೆಟ್ಟಂಗಾಗುತ್ತೆ ಅಂತಾರೆ. ಅದಕ್ಕೇ ಕೇಳೋಣ ಅಂತ ಬಂದೆ. ಎಷ್ಟು ದಿನ ಆಗ್ಬೋದು?"

ಎಣ್ಣೆಬಣ್ಣದ ಚಿತ್ರಕ್ಕೆ ಅದರದೇ ಆದ ಹೊತ್ತುಗೊತ್ತು ಇರುತ್ತದೆ, ಹೊಗೆಗೂಡು ಗುಡಿಸಿದ ಹಾಗಲ್ಲ ಎಂದೆ. ಅವನು, ನಿಜ ರಾಯ್ರೇ, ಎಂದ. ಕೋಪ ಮಾಡಿಕೊಳ್ಳುತ್ತಾನೇನೋ ಎಂದು ನೋಡಿದೆ, ಮಾಡಿಕೊಳ್ಳಲಿಲ್ಲ. ಹೋಗುವಾಗ ಚಿತ್ರ ನೋಡಿ, ಗಾಳಿಬಾಗಿಲು ಈಗ ಸರಿಹೋಗಿದೆ ಎಂದ. ಜನವರಿಯಲ್ಲೇ ಸರಿಮಾಡಿದ್ದೆ. ಅವನು ಹೇಳಿದ್ದಕ್ಕಲ್ಲ.

ನಿಜ ಹೇಳಬೇಕೆಂದರೆ ಚಿತ್ರ ಮುಗಿಯಲು ಇನ್ನು ಎರಡು ದಿನದ ಕೆಲಸ.

ಮಾರ್ಚ್ 2, ಬುಧವಾರ

ಗೋಡೆಯ ಬೂದು ಸರಿಯಿಲ್ಲ ಅನ್ನಿಸಿತು. ಚೂರಿಯಿಂದ ಎಲ್ಲ ಕೆರೆದು ತೆಗೆದೆ.

ಮಾರ್ಚ್ 3

ಗೋಡೆ ಮತ್ತೆ ಬರೆದೆ.

ಮಾರ್ಚ್ 4

ಗೋಡೆ ಕೆರೆದೆ. ನಿನ್ನೆಯ ಬೂದು ತೀರ ಬೂದಾಗಿತ್ತು.

ಮಾರ್ಚ್ 5, ಶನಿವಾರ

ಬಾಗಿಲು ಕೂಡ ಕೆರೆದೆ. ಗೋಡೆ ಹೋದಮೇಲೆ ಬಾಗಿಲೊಂದೇ ಇದ್ದು ಏನು ಮಾಡುತ್ತದೆ. ಕಲೆಗೆ ಅವಸರ ಕೂಡದು. ದಿನಾಂಕಗಳನ್ನು ಗೊತ್ತುಮಾಡುವ ಸಮಿತಿಯವರಿಗೆ ಇದು ಅರ್ಥವಾಗುವುದಿಲ್ಲ. ಹನ್ನೆರಡಕ್ಕೆ ಆಗದಿದ್ದರೆ ಇನ್ನೊಂದು ವರ್ಷ. ಅವಳು ನಿಲ್ಲುತ್ತಾಳೆ, ನಾನು ಬರೆಯುತ್ತೇನೆ, ಇದರಲ್ಲಿ ಯಾರಿಗೆ ಏನು ನಷ್ಟ?

ಕೆರೆಯುವ ಸದ್ದು ಅಗ್ನೇಟೆಗೆ ಚೆನ್ನಾಗಿ ಗೊತ್ತು. ಆದರೂ ಒಲೆಯ ಕಡೆಗೇ ಮುಖ ಮಾಡಿ ನಿಂತಿದ್ದಳು. ಕೈಯಲ್ಲಿ ಕಾಗದವೂ ಇರಲಿಲ್ಲ ಎಂದು ಕಾಣುತ್ತದೆ, ಸದ್ದು ಬರಲಿಲ್ಲ.

ಮಾರ್ಚ್ 7, ಸೋಮವಾರ

ಟೊಫ್ಟ್ ಬಂದು ಆರು ದಿನವಾಯಿತು. ಮನೆ ಶಾಂತವಾಗಿದೆ. ಒಳ್ಳೆಯ ಬೆಳಕು. ಅಗ್ನೇಟೆ ಈಗ ಒಂದು ಚೂರೂ ಅಲ್ಲಾಡುವುದಿಲ್ಲ. ಇದೇ ನಿಲುವಿಗಾಗಿ ನಾನು ಜನವರಿಯಿಂದ ಬಾಯಿ ಬಡಿದುಕೊಂಡಿದ್ದು.

ಬಾಗಿಲ ಕಟ್ಟು ಕೆರೆದೆ.

ಮಾರ್ಚ್ 9, ಬುಧವಾರ

ಇವತ್ತು ಹತ್ತೂವರೆಗೆ ಕಿವಿ ನೋಡಿದೆ. ಬೂದಾಗಿತ್ತು. ಗೋಡೆಯ ಬೂದು, ಬಾಗಿಲಿನ ಬೂದು, ಕಿವಿಯ ಬೂದು, ಎಲ್ಲ ಒಂದೇ ಮನೆಯ ಮಕ್ಕಳ ಹಾಗೆ. ಎರಡು ತಿಂಗಳಿಂದ ನಾನು ಕೇಳುತ್ತಿದ್ದ ಬಣ್ಣ. ನಾನು ನಾಲ್ಕೇ ಬಣ್ಣದಲ್ಲಿ ತೆಗೆಯಬಹುದಾದ ಬಣ್ಣ.

ಕುಂಚ ಎತ್ತಿದೆ. ಚಿತ್ರದ ಮೇಲೆ ಇಡಲಾಗಲಿಲ್ಲ.

"ಟೊಫ್ಟ್ ಯಾಕೆ ಬರ್ತಿಲ್ಲ?" ಎಂದು ಕೇಳಿದೆ.

"ಬರ್ಬೇಡ ಅಂದೆ ಅಣ್ಣ. ಅವ್ನು ಬಂದ್ರೆ ನಿನ್ ಕೆಲಸ ಕೆಡುತ್ತೆ. ನೀನು ಮೊದ್ಲು ಮುಗ್ಸು. ಎಷ್ಟ್ ದಿನ ಆದ್ರೂ ನಿಲ್ತೀನಿ."

ಬೇಸರದಿಂದ ಹೇಳಿದ್ದಲ್ಲ. ಬೇಸರದಿಂದ ಹೇಳಿದ್ದರೆ ನಾನು ಜಗಳವಾಡಬಹುದಿತ್ತು. ಎಷ್ಟು ದಿನ ಆದರೂ ನಿಲ್ಲುತ್ತಾಳೆ, ನನಗೆ ಗೊತ್ತು. ಹನ್ನೊಂದು ವರ್ಷ ನಿಂತಿದ್ದಾಳಲ್ಲ.

ಏನೂ ಬರೆಯಲಿಲ್ಲ ಇವತ್ತು. ತುಂಬ ಸಂಕಟವಾಯಿತು. ನೆಗಡಿ ಪೂರ್ತಿ ಹೋಗಿಲ್ಲ ಎಂದು ಕಾಣುತ್ತದೆ.

ಮಾರ್ಚ್ 10, ಗುರುವಾರ

ಬೆಳಕು ಬರುವ ಮುಂಚೆಯೇ ಲುಂಡ್ ಅವರ ಬಣ್ಣದಂಗಡಿಗೆ ಹೋಗಿ ಕೆಂಪು ಕೊಡಿ ಎಂದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ರಾಯ್ರೇ, ಮನೇಲಿ ಎಲ್ಲಾ ಸೌಖ್ಯ ತಾನೆ?"

ಚಿಕ್ಕ ಸೀಸೆ ಸಾಕು ಎಂದೆ. ಅವರು ಅದನ್ನು ಕಾಗದದಲ್ಲಿ ಎರಡು ಸುತ್ತು ಸುತ್ತಿ, ಯಾರೂ ನೋಡದ ಹಾಗೆ ಕೈಗೆ ಕೊಟ್ಟರು.

ಹತ್ತರಿಂದ ಎರಡರವರೆಗೆ ತಲೆ ಎತ್ತದೆ ಕೆಲಸ ಮಾಡಿದೆ. ಗೋಡೆ, ಬಾಗಿಲು, ಬಾಗಿಲ ಕಟ್ಟು, ಎಲ್ಲ ಮತ್ತೆ ಜಾಗಕ್ಕೆ ಬಂದವು. ಒಲೆಯ ಹಿಂದೆ ಕೈಹಾಕಿ ಒಂದು ಚಿಟಿಕೆ ಮಸಿಯನ್ನೂ ಬೆರೆಸಿದೆ. ಕೊನೆಗೆ ಕಿವಿ. ಎದುರಿಗಿದ್ದ ಕಿವಿ ಇನ್ನೂ ಬೂದಾಗಿಯೇ ಇತ್ತು, ನೋಡಿ ಬರೆಯುವ ಹಾಗಿರಲಿಲ್ಲ. ನೆನಪಿನಿಂದ ಬರೆದೆ. ಎರಡು ತಿಂಗಳು ಕೂತು ಬೈದ ಬಣ್ಣ ಅಷ್ಟು ಸುಲಭಕ್ಕೆ ಮರೆತುಹೋಗುವುದಿಲ್ಲ.

ಮಾರ್ಚ್ 11, ಶುಕ್ರವಾರ

ಮುಗಿಯಿತು.

ಸಣ್ಣ ಕುಂಚ ತೆಗೆದುಕೊಂಡು, ಸದ್ದಾಗದ ಹಾಗೆ ಸ್ಟೂಲ್ ಎಳೆದು ಕೂತೆ, ಬಲಗಡೆಯ ಕೆಳಮೂಲೆಯಲ್ಲಿ ಸಹಿ ಹಾಕತೊಡಗಿದೆ. ಲೌರಿಡ್ಸ್ ಬ್ರೆಗ್ನರ್ ಎಂದು ಪೂರ್ತಿ ಹೆಸರು, ಇಷ್ಟು ವರ್ಷ ಬರೀ ಎರಡಕ್ಷರ ಹಾಕುತ್ತಿದ್ದೆ. ಪೂರ್ತಿ ಹೆಸರಿಗೆ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ. ಕೊನೆಯ ಅಕ್ಷರದಲ್ಲಿದ್ದಾಗ ಅಗ್ನೇಟೆ ತಿರುಗದೆಯೇ ಹೇಳಿದಳು:

"ಉಸಿರು ಬಿಡು ಅಣ್ಣ."

ಬಿಟ್ಟೆ. ಆಮೇಲೆ ನಾನು, ಇನ್ನು ನಿಲ್ಲಬೇಕಾಗಿಲ್ಲ ಎಂದೆ. ಅವಳು ಬಂದು ಚಿತ್ರದ ಮುಂದೆ ನಿಂತಳು. ಸಹಿ ಬೀಳುವ ಮುಂಚೆ ಯಾರೂ ನೋಡಕೂಡದು ಎಂಬುದು ನನ್ನ ನಿಯಮ, ಟೊಫ್ಟ್ ಒಬ್ಬನೇ ಅದನ್ನು ಮುರಿದವನು.

"ನನ್ ಬೆನ್ನು ಇಷ್ಟ್ ದಪ್ಪಾನಾ?" ಎಂದಳು. ಆಮೇಲೆ ಕಿವಿ ನೋಡಿದಳು, ಏಪ್ರನ್ನಿನ ಅಂಚಿನಿಂದ ಕಣ್ಣೊರೆಸಿಕೊಂಡಳು. ಅದರ ಹಿಂದಿನ ನೆರಳು ಕಾಣುತ್ತಲೇ ಮಾತ್ರ ನಗಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ, ನನ್ನ ಸ್ಟೂಲಿನ ಮೇಲೆ ಕೂತುಬಿಟ್ಟಳು.

"ಅಣ್ಣ, ಅದು ನೆರಳಲ್ಲ."

ಮತ್ತೇನು ಎಂದರೆ ಹೇಳಲಿಲ್ಲ. ಟೊಫ್ಟ್‌ಗೆ ತಿಳಿಸಿ ಬರುತ್ತೇನೆಂದು ಶಾಲು ಹೊದ್ದು ಓಡಿದಳು. ನನಗೆ ಅರ್ಥವಾಗಿದ್ದು ನಾಲ್ಕು ಗಂಟೆಗೆ, ಕುಂಚ ತೊಳೆಯುತ್ತಿದ್ದಾಗ, ನನ್ನ ಹೆಬ್ಬೆರಳಿನ ಕಪ್ಪು ಬಿಳಿ ಬಟ್ಟೆಯ ಮೇಲೆ ಒತ್ತಿದಾಗ. ಮೊಟ್ಟೆಯಾಕಾರ, ಅಂಚಿನಲ್ಲಿ ಕರಗಿದ್ದು. ಒಂದು ಹೆಬ್ಬೆರಳು ಕಿವಿಯ ಹಿಂದೆ ಇರಬೇಕಾದರೆ ಉಳಿದ ಕೈ ಎಲ್ಲಿರುತ್ತದೆಂದು ಸ್ವಲ್ಪ ಹೊತ್ತು ಯೋಚಿಸಿ, ಯೋಚಿಸುವುದನ್ನು ನಿಲ್ಲಿಸಿದೆ.

ಅಳಿಸಿಬಿಡೋಣವೆಂದು ಚೂರಿ ತೆಗೆದುಕೊಂಡೆ. ಚಿತ್ರದಲ್ಲಿ ಅಷ್ಟು ಚೆನ್ನಾಗಿ ಬಂದಿರುವ ಜಾಗ ಇನ್ನೊಂದಿಲ್ಲ. ಬಿಟ್ಟೆ.

ಮಾರ್ಚ್ 12, ಶನಿವಾರ

ಹಸಿ ಚಿತ್ರವನ್ನು ಗಾಡಿಗೆ ಹಾಕುವ ಹಾಗಿಲ್ಲ. ಒಂದು ಕಡೆ ನಾನು, ಇನ್ನೊಂದು ಕಡೆ ಟೊಫ್ಟ್, ಮಧ್ಯದಲ್ಲಿ ಚಿತ್ರ, ಹೀಗೆ ಸೇತುವೆ ದಾಟಿ ಹೊರಟೆವು. ಅವನು ಕೈ ತೊಳೆದುಕೊಂಡು ಬಂದಿದ್ದ. ಎಷ್ಟು ತಿಕ್ಕಿದ್ದನೋ, ಮಗುವಿನ ಕೈಯ ಹಾಗೆ ಕೆಂಪಗಿತ್ತು. ಗಾಳಿ ನನ್ನ ಕಡೆಗೆ ಬೀಸುತ್ತಿದ್ದುದರಿಂದ ಅವನು ಚಿತ್ರಕ್ಕೆ ತನ್ನ ಅಗಲ ಬೆನ್ನನ್ನು ಅಡ್ಡ ಕೊಡಲು ಆ ಕಡೆ ಈ ಕಡೆ ತಿರುಗುತ್ತ, ಕೊನೆಗೆ ಹಿಂದುಹಿಂದಕ್ಕೆ ನಡೆಯತೊಡಗಿದ. ಕಾಲುವೆಯ ಪಕ್ಕ ಒಂದು ಕಡೆ ಹಾದಿ ತಗ್ಗುತ್ತದೆ, ಅವನಿಗೆ ಕಾಣುವ ಹಾಗಿರಲಿಲ್ಲ.

"ಹುಷಾರು ಕಣೋ, ಹಿಂದೆ ಮೆಟ್ಲಿದೆ, ಬಿದ್ಬಿಡ್ತೀಯ" ಎಂದೆ.

ಅವನು ನಿಂತುಬಿಟ್ಟ. ಮೀನು ಮಾರುವ ಹೆಂಗಸರು ದಾಟಿ ಹೋದರು.

"ಏನಂದ್ರಿ ರಾಯ್ರೇ?"

"ಮೆಟ್ಲಿದೆ ಅಂದೆ."

"ಅದಲ್ಲ."

ಅದಲ್ಲವೆಂದು ನನಗೂ ಗೊತ್ತಿತ್ತು. ಚಿತ್ರದ ಗಾಬರಿಯಲ್ಲಿ ಬಾಯಿ ಜಾರಿತು ಎಂದೆ. ಜಾರಿದ್ದನ್ನು ವಾಪಸು ತಗೊಳ್ಳೋ ಹಾಗಿಲ್ಲವಲ್ಲ, ಈಗ ಕುಡಿಯಲೇಬೇಕಲ್ಲ ಎಂದ. ಅವನು ಹೇಳಿದ್ದು ನ್ಯಾಯವೇ. ಎದುರಿಗೇ ಒಂದು ನೆಲಮಾಳಿಗೆಯ ಹೋಟೆಲಿತ್ತು. ಚಿತ್ರವನ್ನು ಒಂದು ಕುರ್ಚಿಯ ಮೇಲೆ ಕೂರಿಸಿ, ನಾವು ಎರಡರಲ್ಲಿ ಕೂತೆವು. ತೋಳಿಗೆ ತೋಳು ಸಿಕ್ಕಿಸಿದೆವು. ನನಗೆ ಅಭ್ಯಾಸವಿಲ್ಲ, ಅರ್ಧ ಬಿಯರು ಅಂಗಿಯ ಮೇಲೆ ಹೋಯಿತು. ಅವನು ನನ್ನ ಕೈ ಕುಲುಕಿ, "ನಾನು ಎಸ್ಬೆನ್" ಎಂದ. ನಾನು ಲೌರಿಡ್ಸ್ ಎಂದೆ. ನಲವತ್ತಮೂರು ವರ್ಷಕ್ಕೆ ಇದೊಂದು ಮಾಡುವುದಿತ್ತು ನೋಡಿ.

ಪ್ರದರ್ಶನದ ಕಚೇರಿಗೆ ಹೋದಾಗ ಬಾಗಿಲು ಮುಚ್ಚಲು ಇಪ್ಪತ್ತು ನಿಮಿಷವಿತ್ತು. ಗುಮಾಸ್ತ ಪುಸ್ತಕ ತೆರೆದು ನನ್ನ ಹೆಸರು ಬರೆದುಕೊಂಡು, ಚಿತ್ರದ ಹೆಸರೇನು ಎಂದ. ಹೋದ ವರ್ಷಗಳಲ್ಲಿ ಕೊಟ್ಟ ಹಾಗೆ 'ಒಳಕೋಣೆ' ಎನ್ನಲು ಬಾಯಿ ತೆರೆದೆ.

"ನನ್ನ ತಂಗಿ" ಎಂದೆ.

ಅವನು ಚಿತ್ರ ನೋಡಿದ, ನನ್ನನ್ನು ನೋಡಿದ.

"ಬರೀ ಬೆನ್ನಿದೆಯಲ್ಲ ಸ್ವಾಮಿ. ತಂಗಿ ಅಂತ ನೋಡಿದವ್ರಿಗೆ ಹೇಗ್ ಗೊತ್ತಾಗುತ್ತೆ?"

"ನಂಗೆ ಗೊತ್ತಾಗುತ್ತೆ" ಎಂದ ಎಸ್ಬೆನ್, ನನ್ನ ಹಿಂದಿನಿಂದ.

"ನಂಗೂ" ಎಂದೆ. ಹೇಳುವಾಗ ಸ್ವಲ್ಪ ತಡವಾಯಿತು, ಗುಮಾಸ್ತ ಅಷ್ಟರಲ್ಲಿ ಮುಂದಿನವರನ್ನು ಕರೆದಿದ್ದ.